ಕಿವಿರು ಎತ್ತಿ ನೋಡು

ಬೈತಕೋಲದ ಐಸ್ ಫ್ಯಾಕ್ಟರಿಯಲ್ಲಿ ನನ್ನದು ರಾತ್ರಿ ಪಾಳಿ.
ಬ್ಲಾಕ್ ಎಣಿಸಿ ಚೀಟಿ ಬರೆಯುವ ಕೆಲಸ.
ಎರಡು ಲೋಡಿನ ನಡುವೆ ಆಡುತ್ತೇನೆ,
ಹಳೇ ಮ್ಯಾನೇಜರು ಬಿಟ್ಟುಹೋದ ಡಬ್ಬಿ ಟಿವಿಯಲ್ಲಿ.
ಮೂವತ್ತೆಂಟಕ್ಕೆ ಇದೇನು ಹುಚ್ಚು ಎಂದವರಿಗೆ
ಉತ್ತರ ಕೊಡುವುದು ಬಿಟ್ಟು ಬಹಳ ದಿನವಾಯಿತು.
ಕಂಪನಿಗಳ ಬಗ್ಗೆ ಕೇಳಿ, ಹೇಳುತ್ತೇನೆ.

ಮಾರ್ಕೆಟ್ಟಿನಲ್ಲಿ ಶೇವಂತಿಬಾಯಿ
ನಿನ್ನೆಯ ಬಾಂಗಡೆಗೆ ಇವತ್ತಿನ ಐಸ್ ಸುರಿದು
(ಆ ಐಸೂ ನಮ್ಮ ಫ್ಯಾಕ್ಟರಿಯದೇ)
‘ಈಗಷ್ಟೇ ಬಂದ ಬೋಟು’ ಅನ್ನುತ್ತಾಳೆ.
ನಾನು ಬೆರಳಿಟ್ಟು ಕಿವಿರು ಎತ್ತುತ್ತೇನೆ.
ಕೆಂಪಿದ್ದರೆ ಸರಿ. ಕಂದಿದ್ದರೆ ಅವಳೇ ನಕ್ಕು
ಹತ್ತು ರೂಪಾಯಿ ಇಳಿಸುತ್ತಾಳೆ.
ಇವರು ಹದಿನೈದು ವರ್ಷದ ಆಟಕ್ಕೆ ಐಸ್ ಸುರಿದು
ರೀಮಾಸ್ಟರ್ ಎಂದು ಹೆಸರಿಟ್ಟು
ನಾಲ್ಕು ಸಾವಿರ ಅನ್ನುತ್ತಾರೆ.
ಎಲ್ಲಿ ಬೆರಳಿಡಲಿ?
ಚೌಕಾಶಿಗೆ ಒಂದು ಮುಖವಾದರೂ ಬೇಡವೇ?

ಮುಂಗಡ ತಪ್ಪೆಂದು ನಾನು ಹೇಳುವುದಿಲ್ಲ.
ನಮ್ಮ ಸಾಹುಕಾರರೂ ಕೊಡುತ್ತಾರೆ
ಡೀಸೆಲ್ಲಿಗೆ, ಬಲೆಗೆ, ಖಲಾಶಿಗಳ ಅಕ್ಕಿಗೆ.
ಬೋಟು ಬರಿದೇ ಬಂದ ದಿನ
ದಕ್ಕೆಯ ಮೇಲೆ ಎಲ್ಲರ ಮುಖವೂ ಒಂದೇ ಬಣ್ಣ.
ನನ್ನ ಮುಂಗಡ ತೆಗೆದುಕೊಂಡವರು
ಅರ್ಧ ಹೆಣೆದ ಬಲೆ ಕಳಿಸಿದರು.
ಉಳಿದ ಕಣ್ಣುಗಳು ಮಾರ್ಚಿಗೆ ಬರುತ್ತವಂತೆ,
ಇಪ್ಪತ್ತೆಂಟು ಜಿಬಿ.

ಸಾಲ್ಟ್‌ಮೂರ್ ಮೊದಲ ಭಾಗದಲ್ಲಿ ಒಂದು ದೀಪಸ್ತಂಭವಿತ್ತು.
ಅಲ್ಲಿ ಮಾಡಲು ಏನೂ ಇರಲಿಲ್ಲ.
ಹತ್ತಿದರೆ ಗಾಳಿ.
ಯಾರೋ ಪುಣ್ಯಾತ್ಮ ಕೂತು ಆ ಗಾಳಿಗೆ
ತುಕ್ಕು ಹಿಡಿದ ಕಿಟಕಿಯೊಂದರ ಸದ್ದು ಕೊಟ್ಟಿದ್ದ.
ಎದುರಿಗಿರುವ ದೇವಗಡದ ದೀಪಕ್ಕೆ ನಾನಿನ್ನೂ ಹೋಗಿಲ್ಲ,
ಅದನ್ನು ಮಾತ್ರ ನೂರು ಸಲ ಹತ್ತಿದ್ದೇನೆ.
ಎರಡನೇ ಭಾಗದಲ್ಲಿ ಕಿಟಕಿ ಹೋಯಿತು.
ನಾಲ್ಕರಲ್ಲಿ ಮೆಟ್ಟಿಲ ಮೇಲೊಂದು ಪೆಟ್ಟಿಗೆ,
ಪೆಟ್ಟಿಗೆಗೆ ಬೀಗ, ಬೀಗಕ್ಕೆ ಎಂಬತ್ತೊಂಬತ್ತು ರೂಪಾಯಿ.
ಏಳರಲ್ಲಿ ದೀಪಸ್ತಂಭದ ಆಕಾರದ ಟೋಪಿ ಸಿಗುತ್ತದೆ.

ಜೂನ್ ಒಂದರಿಂದ ಅರವತ್ತೊಂದು ದಿನ
ನಾವು ಮೀನಿಗೆ ರಜೆ ಕೊಡುತ್ತೇವೆ.
ಕಾನೂನು, ಬೈಯುತ್ತಲೇ ಪಾಲಿಸುತ್ತೇವೆ.
ಬೋಟುಗಳು ತಾಡಪಾಲು ಹೊದ್ದು ಮಲಗುತ್ತವೆ,
ಕಂಪ್ರೆಸರು ಸುಮ್ಮನಾಗುತ್ತದೆ,
ಕೆಳಗೆಲ್ಲೋ ಕತ್ತಲಲ್ಲಿ ಮೊಟ್ಟೆ.
ಕಥೆಗೂ ಒಂದು ಬಂದ್ ಬೇಕಲ್ಲ?
ಇವರು ಪ್ರತಿ ನವೆಂಬರಿಗೆ ಬೀಸುತ್ತಾರೆ,
ಬಲೆಯ ಕಣ್ಣು ಕಿರಿದು ಮಾಡುತ್ತ ಮಾಡುತ್ತ
ಮರಿಯನ್ನೂ ಬಾಚುತ್ತಾರೆ,
ಬುಟ್ಟಿ ತುಂಬದ ವರ್ಷ
ಬಲೆ ಹೆಣೆದವರನ್ನೇ ಮನೆಗೆ ಕಳಿಸುತ್ತಾರೆ.
ಹೋದ ಸಲ ಒಂಬೈನೂರು ಜನ.
ಕಿಟಕಿಯ ಸದ್ದು ಮಾಡಿದವನೂ ಇದ್ದನೋ ಏನೋ.

‘ಇಷ್ಟು ಬೈದು ಏಳನೆಯದನ್ನೂ ಕೊಂಡೆಯಲ್ಲ ಅಕ್ಕಾ?’
ತಾಂಡೇಲರ ಗುರುದಾಸ ಲಾರಿಯಿಂದ ಕೂಗುತ್ತಾನೆ.
ಕೊಂಡೆ.
ಶ್ರಾವಣ ಮುಗಿದ ಮರುದಿನ
ನೀನು ಕಿವಿರು ನೋಡುತ್ತೀಯೇನೋ?

ಈ ಹಳೇ ಯಂತ್ರ ಕೋಡಿಬಾಗದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು.
ಮೆಮೊರಿ ಕಾರ್ಡಿನಲ್ಲಿ ಯಾರದೋ ಆಟ ಉಳಿದಿತ್ತು,
ಹೆಸರು ರೋಕ್, ಶೇಕಡಾ ಅರವತ್ತಮೂರು.
ಅಳಿಸಿಲ್ಲ. ಮುಂದಕ್ಕೂ ಆಡಿಲ್ಲ.
ಅವನು ನಿಲ್ಲಿಸಿದ್ದು ದೀಪಸ್ತಂಭದ ಮೇಲೆ.
ನಾಲ್ಕನೇ ಭಾಗದ ಸರ್ವರು ಒಂದು ಮಂಗಳವಾರ ಮುಚ್ಚಿತು,
ನನ್ನ ಹನ್ನೆರಡು ದ್ವೀಪಗಳ ಸಮೇತ,
‘ಜೊತೆ ಪಯಣಿಸಿದ್ದಕ್ಕೆ ಧನ್ಯವಾದ’ ಎಂಬ ಒಂದು ಸಾಲು ಬಿಟ್ಟು.
ಈ ಕಾರ್ಡು ಅದಕ್ಕಿಂತ ಮುಂಚಿನದು,
ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಲಾರಿ ತಡವಾದರೆ ರೋಕನ ಆಟ ತೆರೆಯುತ್ತೇನೆ.
ಯಾವ ಬಟನ್ನೂ ಒತ್ತುವುದಿಲ್ಲ.
ಕಿಟಕಿ ಬಡಿಯುತ್ತದೆ, ನಿಲ್ಲುತ್ತದೆ,
ಮತ್ತೆ ಬಡಿಯುತ್ತದೆ.
ಹೊರಗೆ ಯಾರೋ ನಲವತ್ತು ಬ್ಲಾಕ್ ಎಂದು ಕೂಗಿದರು.
ಬಂದೆ, ಮಾರಾಯಾ.