ಎರಡು ಗೀಟು, ನೊವೊಸಿಬಿರ್ಸ್ಕ್

ಹೊರಗೆ ಮೈನಸ್ ಮೂವತ್ತೆಂಟು. ಬಸ್ಸು ಉಗುಳಿದ ಹೊಗೆ
ಮೇಲೇರಲು ಸೋಮಾರಿಯಾಗಿ
ಬರ್ಚ್ ಮರದ ಮೊಣಕಾಲಿಗೆ ಆತುಕೊಂಡಿದೆ.
ಇದಕ್ಕೇ ಚಳಿ ಅನ್ನುತ್ತೀರಲ್ಲ, ಒಳಗೆ ಬನ್ನಿ.
ಚಳಿ ಇರುವುದು ನನ್ನ ಉಕ್ಕಿನ ಹಂಡೆಯ ತಳದಲ್ಲಿ:
ಅಲ್ಲಿ ಗಾಳಿಯೂ ಕಲ್ಲಾಗುತ್ತದೆ.

ಇಪ್ಪತ್ತಾರು ವರ್ಷದಿಂದ ಹೀಲಿಯಂ ಹುಯ್ಯುವವಳು, ಫಯಿನಾ.
ಪ್ರಬಂಧಗಳಲ್ಲಿ ನನ್ನ ಹೆಸರಿಲ್ಲ;
ಕೊಳವೆಯ ಮೇಲೆ ನನ್ನ ಕೈಗವಸಿನ ಚೂರೊಂದಿದೆ,
ಅಂಟಿದ್ದು ಬಿಟ್ಟೇ ಇಲ್ಲ.

ಈ ವಾರ ಹಂಡೆಯೊಳಗೆ ಪಾದರಸ-ಟೆಲ್ಯೂರಿಯಂ ಪದರ,
ಉಗುರಿನ ಕೊಳೆಗಿಂತ ಚಿಕ್ಕದು.
ಬುರ್ಯಾತಿಯಾದ ಹುಡುಗ ರಿಂಚಿನ್ ಹೇಳಿದ:
"ಇದರ ಹೊಟ್ಟೆ ಮಹಾ ಜಿಪುಣ, ಫಯಿನಾ ಗ್ಲೆಬೊವ್ನಾ,
ಒಂದು ಎಲೆಕ್ಟ್ರಾನನ್ನೂ ದಾಟಗೊಡದು.
ದಾರಿಯೆಲ್ಲ ಅಂಚಿನಲ್ಲಿ. ಹೋಗುವವರದು ಒಂದು ಗಿರಕಿ,
ಬರುವವರದು ಇನ್ನೊಂದು;
ನಡುವೆ ಕಲ್ಲು ಸಿಕ್ಕರೂ
ಹಿಂದಿರುಗುವ ಪದ್ಧತಿ ಇಲ್ಲ."
ನಮ್ಮ ಕ್ಯಾಂಟೀನಿನ ಸರದಿಯೂ ಹೀಗಿದ್ದರೆ, ಅಂದೆ.

ಎರಡು ಅಂಚು. ನಡುವೆ ನಯೋಬಿಯಂ ಬಾಗಿಲು.
ಜೋಡಿಯಾಗಿ ಬಂದವರನ್ನು ಅಲ್ಲಿ ಬಿಡಿಸಿ
ಒಬ್ಬನನ್ನು ಎಡಕ್ಕೆ, ಒಬ್ಬನನ್ನು ಬಲಕ್ಕೆ ಅಟ್ಟುತ್ತಾರಂತೆ.
"ಆಮೇಲೆ ಇವನು ಅವನಿಗೆ ಸುದ್ದಿ ಕಳಿಸ್ತಾನಾ?"
"ಇಲ್ಲ."
"ಮೊದಲೇ ಮಾತಾಡಿಕೊಂಡಿರ್ತಾರಾ?"
"ಅದೂ ಇಲ್ಲ."
"ಮತ್ತೆ?"
ಹುಡುಗ ಚಹಾ ಕಲಕಿದ. ಸಕ್ಕರೆ ಹಾಕಿಯೇ ಇರಲಿಲ್ಲ.

ಮೂರು ಗಂಟೆಗೆ ಮಟ್ಟ ಇಳಿಯಿತು, ಬೆಳಗಿನ ತನಕ ಬಾಳದು.
ಪಕ್ಕದ ಕೋಣೆಯವರ ಪಾಲಿನ ಡಬ್ಬಿಯನ್ನು
ಹೇಳದೆ ಕೇಳದೆ ಉರುಳಿಸಿಕೊಂಡು ಬಂದೆ.
ನಾಳೆಯ ಬೈಗುಳ ನನಗೆ; ಇವತ್ತಿನ ಚಳಿ ಇವನಿಗೆ.

ಎಡದ ಗೀಟು ತೋರಿಸಿದ: ಕೋಳಿ ಕೆದರಿದ ತಿಪ್ಪೆ.
ಬಲದ್ದೂ ಅದೇ ಕೆದರು.
ಒಂದನ್ನು ಇನ್ನೊಂದರಿಂದ ಗುಣಿಸಿ, ಕೂಡಿ,
ಕೂಡುತ್ತ ಕೂಡುತ್ತ
ಪರದೆಯ ನಡುವೆ ಗುಬ್ಬೊಂದು ಎದ್ದಿತು,
ಹಿಟ್ಟು ಹುಳಿಬಂದು ಉಬ್ಬುವಷ್ಟು ಮೆಲ್ಲಗೆ.

"ಇದೇನಾ ಅದು?"
"ಒಟ್ಟಿಗೆ ಹೊರಟಿದ್ದರು ಅಂತಷ್ಟೇ ಗೊತ್ತಾಯಿತು.
ಇನ್ನೂ ಹೆಣೆದುಕೊಂಡೇ ಇದ್ದಾರಾ ಅನ್ನುವುದಕ್ಕೆ
ನೂರು ರಾತ್ರಿ ಬೇಕು."
ನೂರು ಡಬ್ಬಿ, ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ.

ಅವನು ತನ್ನ ಪುಸ್ತಕದಲ್ಲಿ ಬರೆದ: ಐದೂ ಹತ್ತು, ಗುಬ್ಬು.
ನಾನು ನನ್ನದರಲ್ಲಿ: ಐದೂ ಹತ್ತು, ಮಟ್ಟ ಸರಿ,
ಒಂದು ಡಬ್ಬಿ ಸಾಲ.
ಅವನದು ಗಾಜಿನ ಕಪಾಟಿಗೆ ಹೋಯಿತು.
ನನ್ನದು ಎಂದಿನಂತೆ
ಪಂಪಿನ ಪಕ್ಕದ ಮೊಳೆಗೆ.