ಬೂತಾಯಿ ಕಣ್ಣಿನ ಬಲೆ

ಕೂಳೂರು ಹೊಳೆಬದಿಯ ಮಾಲಿನ ತಾರಸಿಗೆ
ಬಲೆ ಕಟ್ಟಿಕೊಟ್ಟವಳು ನಾನೇ.
ಬಂಗುಡೆಯ ಕಣ್ಣಾದರೆ ಚೆಂಡು ನುಸುಳೀತು,
ಬೂತಾಯಿಯದ್ದು ಹಾಕುವ ಅಂದೆ.
ಇಂಜಿನಿಯರು ಬರೆದುಕೊಂಡ: ಇಪ್ಪತ್ತು ಮಿಲಿಮೀಟರ್.

ಬಿಲ್ಲಿನ ದುಡ್ಡು ಮೂರು ತಿಂಗಳು ತಡವಾಗಿ ಬಂತು,
ಜೊತೆಗೊಂದು ಕೂಪನ್ನು:
ಒಬ್ಬರಿಗೆ ಒಂದು ಗಂಟೆ, ತಂಪು ಪಾನೀಯ ಉಚಿತ.
ಬಂದರಿನ ಅಂಗಡಿಗೆ ಬೀಗ ಹಾಕಿ
ಸುರತ್ಕಲ್ ಬಸ್ಸು ಹತ್ತಿದೆ.
ಐವತ್ತೊಂದು ವರ್ಷ, ಕಾಲಲ್ಲಿ ಹವಾಯಿ ಚಪ್ಪಲಿ,
ಯಾರೂ ಏನೂ ಕೇಳಲಿಲ್ಲ.

ಕೇಳಲಿಲ್ಲ ಅನ್ನುವುದೇ ಒಂದು ಸುಖ.
ಪಕ್ಕದ ಗೂಡಿನಲ್ಲಿ ಯಾರದೋ ಹುಟ್ಟುಹಬ್ಬ,
ಗಡ್‌ಬಡ್ ಲೋಟದಲ್ಲಿ ನೆಟ್ಟ ಮೇಣದಬತ್ತಿ.
ಕೋಲು ಬರೀ ಗಾಳಿಗೆ ತಾಗಿದರೂ ಚಪ್ಪಾಳೆ.
ಕಲಿಸುವ ಹುಡುಗ ತಾಹಿರ್
"ಅಕ್ಕ, ಹೊಡೆಯುದಲ್ಲ, ಬೀಸುದು" ಅಂದ.
ಬೀಸುವುದು ನನಗೆ ಹೇಳಿಕೊಡಬೇಕಾ ಮಾರಾಯ?
ಬೀಸಿದೆ.
ಪರದೆಯ ಮೇಲೆ ಬಾತುಕೋಳಿಯೊಂದು
ಪುಕ್ಕ ಉದುರಿಸಿ ಬಿತ್ತು. ನಲವತ್ತು ಅಂಕ.

ಅರುವತ್ತು ಚೆಂಡು.
ಅರುವತ್ತೂ ನನ್ನ ಬಲೆಗೆ ಬಡಿದು
ಉರುಳಿ ಉರುಳಿ ಚರಂಡಿಗೆ ಇಳಿದವು.
ಒಂದೂ ತಪ್ಪಿಸಿಕೊಳ್ಳಲಿಲ್ಲ.
ಇಂಥ ಹಿಡಿತ ಸಿಕ್ಕಿದ್ದರೆ ಅಪ್ಪ
ದೋಣಿಯಲ್ಲೇ ಎದ್ದು ನಿಂತು ಕೂಗು ಹಾಕುತ್ತಿದ್ದ.
ನಾನು ನೋಡುತ್ತಿದ್ದದ್ದು ಮೂಲೆಯ ಒಂದು ಗಂಟು,
ಹೊಳೆಯ ಕಡೆಯದು,
ಸಡಿಲಾಗಿತ್ತು.

*

"ಅದು ಗಾಲ್ಫೇ ಅಲ್ಲ, ಬಲೂನು ಒಡೆಯುವ ಆಟ"
ಅಂದರು ಎರಡು ಟ್ರಾಲ್ ಬೋಟಿನ ಧನಿ ಭುಜಂಗ ಸುವರ್ಣರು.
ಭಾನುವಾರ ವಾಮಂಜೂರಿನಾಚೆಯ ಪದವಿಗೆ
ತಮ್ಮ ಅತಿಥಿಯೆಂದು ಕರೆದೊಯ್ದರು.
ಕಾಲರಿನ ಅಂಗಿ ಬೇಕಂತೆ, ಅಣ್ಣನ ಮಗನದ್ದು ಹಾಕಿದೆ.
ಶೂ ಬೇಕಂತೆ, ಅದೂ ಅವನದ್ದೇ, ತುದಿಗೆ ಹತ್ತಿ.
ಇನ್ನೊಬ್ಬರು ಬೀಸುವಾಗ ಮಾತಾಡಬಾರದಂತೆ,
ನೆರಳೂ ಅವರ ದಾರಿಗೆ ಬೀಳಬಾರದಂತೆ.
ಬೆಳಗ್ಗೆ ಏಳರ ಬಿಸಿಲಿಗೆ ನನ್ನ ನೆರಳು
ಹತ್ತು ಮಾರು ಉದ್ದ.
ಅದನ್ನೆಲ್ಲಿ ಇಡುವುದು?

ಮೇಲೆ ಹುಲ್ಲು, ಕೆಳಗೆ ಮುರಕಲ್ಲು.
ಚೀಲ ಹೊತ್ತ ಮುದುಕ ಹಿಲರಿ ಪಕ್ಕಕ್ಕೆ ಸರಿದ.
ಬೀಸಿದೆ.
ಚೆಂಡು ಹೋಯಿತು.
ಸುಮ್ಮನೆ
ಹೋಯಿತು.
ತಡೆಯಲು ಏನೂ ಇರಲಿಲ್ಲ. ಬಹಳ ಹೊತ್ತಾದ ಮೇಲೆ
ಗೇರುಮರದ ಎಲೆಯೊಂದು ಚಟ್ಟೆಂದಿತು.

"ಹುಡುಕುವ ಬಾಯಿ" ಅಂದ ಹಿಲರಿ.
ಕೊಳೆತ ಗೇರುಹಣ್ಣಿನ ವಾಸನೆಯಲ್ಲಿ, ಮುಳ್ಳಿನಲ್ಲಿ,
ಹೆಣ್ಣುನವಿಲೊಂದು ನಮ್ಮನ್ನು ಲೆಕ್ಕಕ್ಕಿಡದೆ
ಮಣ್ಣು ಕೆದಕುತ್ತಿದ್ದಲ್ಲಿ ಹುಡುಕಿದೆವು.
ಯಾರದೋ ಎರಡು ಚೆಂಡು ಸಿಕ್ಕವು,
ಒಂದು ಪಾಚಿಗಟ್ಟಿದ್ದು, ಎಷ್ಟೋ ಮಳೆಗಾಲ ಕಂಡದ್ದು.
ನನ್ನದು ಸಿಗಲಿಲ್ಲ.

ಮೊದಲ ಗುಳಿಗೇ ಹನ್ನೊಂದು ಏಟು.
"ಎಂಟು ಬರಿ" ಅಂದರು ಸುವರ್ಣರು, ದೊಡ್ಡ ಮನಸ್ಸಿನಿಂದ.
ಹಿಲರಿ ಹನ್ನೊಂದೇ ಬರೆದ.
ಆ ಚೀಟಿ ಇನ್ನೂ ನನ್ನ ಗಲ್ಲಾಪೆಟ್ಟಿಗೆಯಲ್ಲಿ ಉಂಟು.

*

ಲೆಕ್ಕ ಹಾಕಿದರೆ ತಾರಸಿಯೇ ಸರಿ:
ಬಸ್ಸಿಗೆ ಹತ್ತಿರ, ಮೊಣಕಾಲಿಗೆ ಹಿತ,
ರಾತ್ರಿ ಹತ್ತರವರೆಗೂ ದೀಪ.
ಗುಡ್ಡದ ಸದಸ್ಯತ್ವದ ಹಣಕ್ಕೆ
ಅಂಗಡಿ ತುಂಬ ನೈಲಾನು ಬರುತ್ತದೆ.
ಪ್ರತಿ ಬುಧವಾರ ಹೋಗುತ್ತೇನೆ, ಸುಳ್ಳು ಯಾಕೆ.
ಮೊನ್ನೆ ಇನ್ನೂರು ಅಂಕ.
ಗುರುತಿಲ್ಲದವರು ಕರೆದು ಕೇಕು ಕೊಟ್ಟರು.

ಆದರೆ ನೂಲುಂಡೆ ಮಡಿಲಲ್ಲಿಟ್ಟು ಗಂಟು ಹಾಕುವಾಗ
ಕೈ ನಿಂತುಬಿಡುತ್ತದೆ.
ಆ ಚೆಂಡು ಈಗ ಎಲ್ಲಿ ಕೂತಿದೆಯೋ.
ಮೂರು ತಲೆಮಾರಿನಿಂದ ಹಿಡಿಯುವ ಕೆಲಸದವರು ನಾವು.
ಕೈಯಾರೆ ಕಳೆದುಕೊಂಡದ್ದು,
ಕಳೆದುಕೊಂಡು ಹಗುರಾದದ್ದು
ಅದೊಂದೇ.

ನಿನ್ನೆ ಮಾಲಿನ ಮ್ಯಾನೇಜರನ ಫೋನು:
"ಹೊಳೆಬದಿಯ ಮೂಲೆಯಲ್ಲಿ ಬಲೆ ಬಿಟ್ಟಿದೆ ಮೇಡಂ,
ಒಂದು ಚೆಂಡು ಹೊರಗೆ ಹಾರಿ ನೀರಿಗೆ ಬಿತ್ತಂತೆ.
ಯಾವಾಗ ಬರ್ತೀರಿ?"
ನಾಳೆ ಅಂದೆ.
ಇಡುವ ಮುಂಚೆ ಕೇಳಿದೆ:
ಎಷ್ಟು ದೂರ ಹೋಗಿ ಬಿತ್ತು?