ಮಾರ್ಚಿನ ಬೆನ್ನುಮೂಳೆ

ಉಣ್ಣೆ ಸುಳ್ಳು ಹೇಳುತ್ತದೆ.
ಕಣ್ಣಿಗೆ ಎಲ್ಲ ಕುರಿಯೂ ದುಂಡಗೆ, ಮೈತುಂಬಿ, ಸುಖವಾಗಿಯೇ ಕಾಣುತ್ತದೆ.
ಬೆರಳಿಟ್ಟು ನೋಡಬೇಕು,
ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹಿಂದೆ.
ಅಲ್ಲಿ ಮೂಳೆ
ತನ್ನ ಲೆಕ್ಕ ತಾನೇ ಒಪ್ಪಿಸುತ್ತದೆ.

ಇದನ್ನು ಕಲಿಸಿದವಳು ಆಚೆ ದಂಡೆಯ ಸ್ಟೈನ್‌ವೋರ್,
ಐಸ್‌ಲ್ಯಾಂಡಿನ ಈ ಕಡಲ ಸೀಳಿಗೆ
ನಾನು ಕುರಿ ಸಾಕಲು ಬಂದ ಮೊದಲ ವಸಂತದಲ್ಲಿ.
ವಸಂತ ಅಂದೆನೆ?
ಮೇ ತಿಂಗಳು, ಬಾಗಿಲಿಗೆ ಮಂಡಿಯುದ್ದ ಹಿಮ.
ಆ ವರ್ಷ ಹತ್ತೊಂಬತ್ತು ಮರಿ
ಕಣ್ಣು ಬಿಟ್ಟವು, ಬ್ಯಾ ಅಂದವು, ಏಳಲಿಲ್ಲ.
ಹಿಂಗಾಲು ಒದ್ದೆ ಹಗ್ಗದ ಹಾಗೆ ಒಂದರ ಮೇಲೊಂದು.
ಒಲೆಯ ಬಳಿ ಮಲಗಿಸಿದೆ. ನನ್ನ ಸ್ವೆಟರಿನಲ್ಲಿ ಸುತ್ತಿದೆ.
ಚಳಿಯನ್ನು ಬೈದೆ, ದೊಡ್ಡಿಯ ತೇವವನ್ನು ಬೈದೆ,
ಕುರಿ ಮಾರಿದವನನ್ನೂ ಬೈದೆ.

ಸ್ಟೈನ್‌ವೋರ್ ಮರಿಗಳ ಕಡೆ ನೋಡಲೇ ಇಲ್ಲ.
ನೇರ ತಾಯಂದಿರ ಬಳಿ ಹೋಗಿ
ಒಂದೊಂದರ ಬೆನ್ನ ಮೇಲೂ ಬೆರಳಾಡಿಸಿದಳು,
ಹೆಣೆಯುವವಳು ಕತ್ತಲಲ್ಲಿ ಮನೆ ಎಣಿಸುವ ಹಾಗೆ.
"ಕಾಯಿಲೆ ಮರಿಯದ್ದಲ್ಲ," ಅಂದಳು, "ಮಾರ್ಚಿನದ್ದು.
ಮಾರ್ಚಿನಲ್ಲಿ ಏನು ಹಾಕಿದೆ?"
ಹುಲ್ಲು.
"ಎಂಥ ಹುಲ್ಲು?"
ಮಳೆಯಲ್ಲಿ ನೆನೆದು ಮತ್ತೆ ಒಣಗಿದ ಕಂದು ಹುಲ್ಲು.
ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಈಗ ಹನ್ನೊಂದು ವರ್ಷ.
ಫೆಬ್ರವರಿ ಕೊನೆಗೆ ಇಂಗಿಮುಂದುರ್ ಬರುತ್ತಾನೆ
ಸ್ಕ್ಯಾನಿಂಗ್ ಯಂತ್ರ ಹೊತ್ತುಕೊಂಡು.
ತೆರೆಯ ಮೇಲೆ ಬೂದು ಬಿರುಗಾಳಿ,
ಅದರೊಳಗೆ ಎಳೆ ಜೋಳದ ಕಾಳಿನ ಸಾಲಿನಂತೆ ಒಂದು ಬೆನ್ನು.
"ಎರಡು," ಎನ್ನುತ್ತಾನೆ. ನೀಲಿ ಬಳಿಯುತ್ತೇನೆ.
"ಒಂದು." ಕೆಂಪು.
"ಮೂರು" ಎಂದಾಗ ಮಾತ್ರ
ಇಬ್ಬರೂ ಒಂದು ಗಳಿಗೆ ಸುಮ್ಮನಿರುತ್ತೇವೆ.
ಮರಿ ಒತ್ತರಿಸಿದ ಒಡಲಲ್ಲಿ ಮೇವಿಗೆ ಜಾಗವೆಲ್ಲಿ?

ಕೊನೆಯ ಆರು ವಾರದ ವಿದ್ಯೆ ಇಷ್ಟೇ,
ಚಿಕ್ಕ ಡಬ್ಬಿಗೆ ದೊಡ್ಡ ಬುತ್ತಿ ತುಂಬುವುದು:
ಹಸಿರು ಆರದ ಮೊದಲ ಕೊಯ್ಲಿನ ಹುಲ್ಲು,
ಮೇಲೆ ಹೆರಿಂಗ್ ಮೀನಿನ ಪುಡಿ,
ನೀಲಿಗೆ ಬೊಗಸೆ, ಕೆಂಪಿಗೆ ಹಿಡಿ.
ಕೆಂಪಿನವಳು ಬೇಡುತ್ತಾಳೆ. ಕೊಡಬಾರದು.
ಒಂದು ವರ್ಷ ಕರುಣೆಯಿಂದ ಕೊಟ್ಟೆ.
ಒಳಗೊಂದೇ ಮರಿ ಬೆಳೆದು ಬೆಳೆದು,
ಮೊಣಕೈವರೆಗೆ ಕೈಹಾಕಿ ಎಳೆಯುವಾಗ
ಕರುಣೆ ಎಷ್ಟು ಕೇಜಿ ತೂಗುತ್ತದೆಂದು ಗೊತ್ತಾಯಿತು.

ಮೋಕೊಲ್ಲಾ ಒಮ್ಮೆ ಗೋದಲಿಗೆ ಬೆನ್ನು ಹಾಕಿದಳು,
ಗೋಡೆಗೆ ಹಣೆಯೊತ್ತಿ ನಿಂತಳು.
ಉಸಿರಿನಲ್ಲಿ ಕೊಳೆತ ಸೇಬಿನ ಸಿಹಿ.
ಹುಲ್ಲು ಬಿಟ್ಟವಳು ತನ್ನನ್ನೇ ಮೇಯುತ್ತಿದ್ದಳು,
ಒಳಗಿನ ಇಬ್ಬರಿಗಾಗಿ.
ರಾತ್ರಿಯಿಡೀ ಗಂಟೆಗೊಮ್ಮೆ ಪಾಕ ಕುಡಿಸಿದೆ,
ಅರ್ಧ ಅವಳಿಗೆ, ಅರ್ಧ ನನ್ನ ತೋಳಿಗೆ.
ಬೆಳಗಿನ ಜಾವ ಒಂದು ಎಸಳು ಎಳೆದಳು,
ನನಗೇನೋ ಉಪಕಾರ ಮಾಡುವವಳಂತೆ.

ಎಷ್ಟು ಸೋಪು ಹಚ್ಚಿದರೂ ಮೀನಿನ ವಾಸನೆ ಹೋಗುವುದಿಲ್ಲ.
ಸಹಕಾರಿ ಅಂಗಡಿಯ ಸಾಲಿನಲ್ಲಿ
ನನ್ನ ಹಿಂದೆ ಒಂದು ಮಾರು ಜಾಗ ಬಿಡುತ್ತಾರೆ.
ಚರ್ಚಿನಲ್ಲೂ.
ಸ್ಟೈನ್‌ವೋರ್ ಮಾತ್ರ ಪಕ್ಕದಲ್ಲಿ ಬಂದು ಕೂರುತ್ತಾಳೆ,
ಅವಳದ್ದೂ ಅದೇ ವಾಸನೆ.

ನಿನ್ನೆ ರಾತ್ರಿ ಎರಡೂಕಾಲಿಗೆ ಈ ವರ್ಷದ ಮೊದಲ ಈತ.
ಹಬೆಯಾಡುವ ಎರಡು ಹಳದಿ ಗಂಟು
ಹುಲ್ಲಿನ ಮೇಲೆ ಜಾರಿದವು.
ಕೆಚ್ಚಲಿಗೆ ಕೈಯಿಟ್ಟರೆ ಗಿಣ್ಣುಹಾಲು,
ಬೆರಳಿನಿಂದ ಬೆರಳಿಗೆ ನೂಲಾಗುವಷ್ಟು ಮಂದ.
ಹುಟ್ಟಿದ ಗಳಿಗೆ ಪುಸ್ತಕದಲ್ಲಿ ಬರೆಯೋಣವೆಂದು
ಕನ್ನಡಕಕ್ಕೆ ಜೇಬು ತಡಕಿದೆ.
ತಲೆಯೆತ್ತುವಷ್ಟರಲ್ಲಿ ಒಂದು ಎದ್ದಿತ್ತು,
ನಾಲ್ಕು ಕಾಲನ್ನೂ ನಾಲ್ಕು ದಿಕ್ಕಿಗೆ ಚಾಚಿ,
ನನ್ನ ರಬ್ಬರ್ ಬೂಟಿನಲ್ಲಿ
ಮೊಲೆ ಹುಡುಕುತ್ತಿತ್ತು.